ಟೈಮ್‌ಔಟ್ ಬಂತಾ? ಮೊದಲು ಉಪಕರಣವನ್ನೇ ಕೇಳಿ: ಎಸ್‌ಸಿಪಿಐ ದೋಷ ಹುಡುಕುವ ಬಗೆ

ಅಳತೆ ಉಪಕರಣಗಳ ಜೊತೆ ಕಂಪ್ಯೂಟರ್ ಮಾತಾಡುವ ಕಮಾಂಡ್ ಭಾಷೆಗೆ ಎಸ್‌ಸಿಪಿಐ ಅನ್ನುತ್ತಾರೆ. ಆ ಭಾಷೆಯಲ್ಲಿ ಮೀಟರ್‌ಗೆ ಒಂದು ಕಮಾಂಡ್ ಕಳಿಸಿದ್ದೀರಿ. ಉತ್ತರ ಬರಲಿಲ್ಲ. ಎರಡು ಸೆಕೆಂಡ್ ಸುಮ್ನಿದ್ದ ಪ್ರೋಗ್ರಾಮ್ ಆಮೇಲೆ ಟೈಮ್‌ಔಟ್ ಅಂದು ನಿಂತುಬಿಟ್ಟಿತು, ಜೊತೆಗೆ ವೀಸಾ ಲೈಬ್ರರಿಯ (ಪ್ರೋಗ್ರಾಮ್ ಮತ್ತು ಉಪಕರಣದ ನಡುವೆ ಮಾತು ಸಾಗಿಸುವ ಸಾಫ್ಟ್‌ವೇರ್) -1073807339 ಎಂಬ ಉದ್ದದ ಸಂಖ್ಯೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಟೈಮ್‌ಔಟ್ ಅನ್ನು 2000 ಮಿಲಿಸೆಕೆಂಡ್‌ನಿಂದ 10000ಕ್ಕೆ ಏರಿಸುವುದು. ಈಗ ಅದೇ ದೋಷ ಹತ್ತು ಸೆಕೆಂಡ್ ಕಾಯಿಸಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಪ್ರೋಗ್ರಾಮ್ ಎಲ್ಲಿ ಕಾಯುತ್ತಾ ನಿಂತಿತು ಅನ್ನುವುದನ್ನು ಮಾತ್ರ ಟೈಮ್‌ಔಟ್ ಹೇಳುತ್ತದೆ. ಎಲ್ಲಿ ಕೆಟ್ಟಿತು ಅಂತ ಹೇಳುವುದಿಲ್ಲ. ಕೆಟ್ಟಿದ್ದು ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಸಾಲು ಮೇಲೆ. ಉಪಕರಣಕ್ಕೆ ಅರ್ಥವಾಗದ ಕಮಾಂಡ್ ಕಳಿಸಿದರೆ ಅದು ಕೂಗಾಡುವುದಿಲ್ಲ, ತನ್ನೊಳಗಿನ ಎರರ್ ಪಟ್ಟಿಯಲ್ಲಿ ಒಂದು ಸಾಲು ಬರೆದಿಟ್ಟು ಸುಮ್ಮನಾಗುತ್ತದೆ. ಆ ಪಟ್ಟಿಯನ್ನು ಯಾರೂ ಓದುವುದಿಲ್ಲ ಅನ್ನುವುದೇ ಇಲ್ಲಿನ ಗೋಳು.

ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ, ಉಚ್ಚರಿಸುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಾಕಬೇಕು, ಚಿಹ್ನೆಗಳು ಇಲ್ಲಿರುವ ಹಾಗೇ.

ಮೂರು ಪದರ ಇದೆ ಅನ್ನುವುದು ನೆನಪಿರಲಿ

1975ರಲ್ಲಿ ಬಂದ ಐಇಇಇ 488 ಹೇಳಿದ್ದು ತಂತಿ, ಕನೆಕ್ಟರ್, ಸಿಗ್ನಲ್ ಬಗ್ಗೆ. ಅದನ್ನೇ ನಾವು ಜಿಪಿಐಬಿ ಅನ್ನುವುದು. 1987ರ 488.2 ಮಾತಿನ ವ್ಯಾಕರಣ ಹಾಕಿಕೊಟ್ಟಿತು: ಸಂದೇಶ ಎಲ್ಲಿ ಮುಗಿಯುತ್ತದೆ, ಪ್ರಶ್ನೆ ಹೇಗಿರಬೇಕು, ನಕ್ಷತ್ರದಿಂದ ಶುರುವಾಗುವ ಸಾಮಾನ್ಯ ಕಮಾಂಡ್‌ಗಳು ಯಾವುವು. 1990ರಲ್ಲಿ ಬಂದ ಎಸ್‌ಸಿಪಿಐ ಅದರ ಮೇಲೆ ಪದಕೋಶ ಕೊಟ್ಟಿತು, ಅಂದರೆ ವೋಲ್ಟೇಜ್ ಅಳೆಯಲು ಯಾವ ಕಂಪನಿಯ ಮೀಟರ್ ಆದರೂ ಒಂದೇ ಪದ. ಈಗ ತಂತಿಯ ಜಾಗಕ್ಕೆ ಯುಎಸ್‌ಬಿ, ಲ್ಯಾನ್ ಬಂದಿವೆ. ಆದರೆ ದೋಷ ಈಗಲೂ ಈ ಮೂರರಲ್ಲಿ ಒಂದು ಕಡೆ ಇರುತ್ತದೆ: ತಂತಿಯಲ್ಲಿ, ವ್ಯಾಕರಣದಲ್ಲಿ, ಇಲ್ಲವೇ ಪದದಲ್ಲಿ. ಮೊದಲು ಯಾವ ಪದರ ಅಂತ ಗೊತ್ತು ಮಾಡಿಕೊಳ್ಳಿ.

ಅದಕ್ಕೆ *ಐಡಿಎನ್? ಕಳಿಸಿ. ನಿಮ್ಮ ಪ್ರೋಗ್ರಾಮ್‌ನಿಂದ ಬೇಡ, ಟರ್ಮಿನಲ್‌ನಿಂದಲೋ ವೀಸಾ ಜೊತೆ ಬರುವ ಪರೀಕ್ಷಾ ಕಿಟಕಿಯಿಂದಲೋ ಕಳಿಸಿ. ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ಹೀಗೆ ಅಲ್ಪವಿರಾಮ ಹಾಕಿ ನಾಲ್ಕು ಭಾಗದ ಉತ್ತರ ಬರಬೇಕು. ಬಂತಾ? ಹಾಗಾದರೆ ತಂತಿ ಸರಿಯಿದೆ, ಮುಂದೆ ಹೋಗಿ. ಆದರೆ ಸೀರಿಯಲ್ ನಂಬರ್ ಒಮ್ಮೆ ಓದಿ ನೋಡಿ. ರೌಟರ್ ಐಪಿ ವಿಳಾಸ ಬದಲಿಸಿದ್ದರೆ ಪಕ್ಕದ ಉಪಕರಣ ಉತ್ತರ ಕೊಡುತ್ತಿರಬಹುದು, ನೀವು ಇನ್ಯಾರದೋ ಟೆಸ್ಟ್‌ನ ಪವರ್ ಸಪ್ಲೈ ಆಫ್ ಮಾಡುವ ತನಕ ಅದು ಗೊತ್ತಾಗುವುದಿಲ್ಲ. ಉಪಕರಣ 1987ಕ್ಕಿಂತ ಹಳೆಯದಾದರೆ ಈ ಕಮಾಂಡ್ ಅದಕ್ಕೆ ಗೊತ್ತೇ ಇರುವುದಿಲ್ಲ. ಅಲ್ಲಿ ಉತ್ತರ ಬರದಿರುವುದು ದೋಷವಲ್ಲ, ಆ ಮಾಡೆಲ್‌ನ ಕೈಪಿಡಿ ತೆಗೆದು ಅದರದೇ ಕಮಾಂಡ್ ನೋಡಿ.

ತಂತಿಯ ಕಡೆ

ಲ್ಯಾನ್‌ನಲ್ಲಿ ಪಿಂಗ್ ಹೋಗುತ್ತದೆ, ಕನೆಕ್ಷನ್ ಮಾತ್ರ ಆಗುವುದಿಲ್ಲ ಅಂದರೆ ಪೋರ್ಟ್ ನಂಬರ್ ನೋಡಿ. ನೇರ ಸಾಕೆಟ್‌ಗೆ (ನಡುವೆ ಬೇರೆ ಪ್ರೋಟೋಕಾಲ್ ಇಲ್ಲದ ಬರೀ ಟಿಸಿಪಿ ಕನೆಕ್ಷನ್) 5025 ತುಂಬ ಕಡೆ ಇದೆ, ಕೆಲವು ಕಂಪನಿಗಳು 5555 ಇಟ್ಟಿವೆ. ಲ್ಯಾನ್ ಮೇಲೆ ಉಪಕರಣದ ಜೊತೆ ಮಾತಾಡಲೆಂದೇ ಇರುವ ಪ್ರೋಟೋಕಾಲ್‌ಗಳು ಹೈಸ್ಲಿಪ್, ವಿಎಕ್ಸ್‌ಐ-11. ಹೈಸ್ಲಿಪ್‌ಗೆ 4880. ವಿಎಕ್ಸ್‌ಐ-11 ಆದರೆ ಮೊದಲು 111ನೇ ಪೋರ್ಟ್‌ನಲ್ಲಿ ವಿಚಾರಿಸಿ ಆಮೇಲೆ ಬೇರೆ ಪೋರ್ಟ್‌ಗೆ ಹೋಗುತ್ತದೆ, ಹಾಗಾಗಿ ಫೈರ್‌ವಾಲ್ ಇದ್ದಲ್ಲಿ ಅದು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. 5024 ಇದ್ದರೆ ಅದು ಟೆಲ್ನೆಟ್‌ನಲ್ಲಿ ಕೈಯಲ್ಲಿ ಟೈಪ್ ಮಾಡುವ ಮನುಷ್ಯರಿಗೆ. ಅಲ್ಲಿ ಸ್ವಾಗತ ಸಂದೇಶ, ಪ್ರಾಂಪ್ಟ್ ಎಲ್ಲ ಉತ್ತರದ ಜೊತೆ ಬೆರೆತು ಬರುತ್ತವೆ, ಪ್ರೋಗ್ರಾಮ್‌ಗೆ ಅದನ್ನು ಬಳಸಬೇಡಿ. ಇನ್ನೊಂದು ವಿಷಯ, ಒಂದೇ ಸಾಕೆಟ್ ಕನೆಕ್ಷನ್ ಒಪ್ಪುವ ಉಪಕರಣಗಳೂ ಇವೆ. ಹಿಂದಿನ ಸಲ ಪ್ರೋಗ್ರಾಮ್ ನಡುವೆ ಬಿದ್ದುಹೋಗಿ ಕನೆಕ್ಷನ್ ಮುಚ್ಚದೆ ಉಳಿದಿದ್ದರೆ ಹೊಸದಕ್ಕೆ ಜಾಗವಿಲ್ಲ.

ಯುಎಸ್‌ಬಿಯಲ್ಲಿ, ಲಿನಕ್ಸ್ ಆದರೆ, ರೂಟ್ ಆಗಿ ಓಡಿಸಿದಾಗ ಸಿಗುವ ಉಪಕರಣ ಮಾಮೂಲಿ ಯೂಸರ್‌ಗೆ ಸಿಗದಿದ್ದರೆ ಅದು ಪರ್ಮಿಷನ್ ತಕರಾರು, ಯುಡೆವ್ (ಉಪಕರಣಗಳ ಪರ್ಮಿಷನ್ ನೋಡಿಕೊಳ್ಳುವ ಲಿನಕ್ಸ್ ಭಾಗ) ನಿಯಮ ಒಂದು ಬರೆದರೆ ಮುಗಿಯಿತು. ಕೆಲವು ಆಸಿಲೋಸ್ಕೋಪ್‌ಗಳ ಮೆನುವಿನಲ್ಲಿ ಹಿಂಬದಿಯ ಯುಎಸ್‌ಬಿ ಕಿಂಡಿ ಕಂಪ್ಯೂಟರ್‌ಗೋ ಪ್ರಿಂಟರ್‌ಗೋ ಎಂಬ ಆಯ್ಕೆ ಇರುತ್ತದೆ, ಅದನ್ನೂ ನೋಡಿ.

ಜಿಪಿಐಬಿಯಲ್ಲಿ ವಿಳಾಸ 0ರಿಂದ 30ರ ಒಳಗೆ. ಎರಡು ಉಪಕರಣಕ್ಕೆ ಒಂದೇ ವಿಳಾಸ ಇದ್ದರೆ ಎರಡೂ ಒಟ್ಟಿಗೆ ಮಾತಾಡಿ ಕಸ ಬರುತ್ತದೆ. ಕಂಟ್ರೋಲರ್ ಸಾಮಾನ್ಯವಾಗಿ 0 ಅಥವಾ 21ರಲ್ಲಿ ಕೂತಿರುತ್ತದೆ, ಅದನ್ನು ಉಪಕರಣಕ್ಕೆ ಕೊಡಬೇಡಿ. ಒಂದು ಬಸ್‌ಗೆ ಕಂಟ್ರೋಲರ್ ಸೇರಿ 15, ಒಟ್ಟು ಕೇಬಲ್ 20 ಮೀಟರ್. ಹಳೆಯ ಸೀರಿಯಲ್ ಪೋರ್ಟ್ ಆದರೆ ಬಾಡ್ ರೇಟ್, ಸ್ಟಾಪ್ ಬಿಟ್, ಕ್ರಾಸ್ ಕೇಬಲ್, ಹ್ಯಾಂಡ್‌ಶೇಕ್ ಎಲ್ಲ ಒಂದೊಂದಾಗಿ ನೋಡುವುದೇ. ಇಲ್ಲಿ ಇನ್ನೊಂದು ಸಿಕ್ಕು: ಜಿಪಿಐಬಿಯ ಹಾಗೆ ಸೀರಿಯಲ್‌ನಲ್ಲಿ ಉಪಕರಣ ತಾನಾಗಿ ರಿಮೋಟ್ ಸ್ಥಿತಿಗೆ ಹೋಗುವುದಿಲ್ಲ. ಮೊದಲು ಸಿಸ್ಟ್:ರೆಮ್ ಕಳಿಸದಿದ್ದರೆ ಕೆಲವು ಮೀಟರ್‌ಗಳು *ಐಡಿಎನ್?ಗೆ ಚೆನ್ನಾಗಿ ಉತ್ತರ ಕೊಟ್ಟು, ಅಳತೆ ಕೇಳಿದಾಗ ಮಾತ್ರ ಮುಖ ತಿರುಗಿಸುತ್ತವೆ.

ಸಾಲು ಮುಗಿಸುವ ಆ ಒಂದು ಬೈಟ್

ಯುಎಸ್‌ಬಿಯಲ್ಲಿ ಓಡುತ್ತಿದ್ದ ಪ್ರೋಗ್ರಾಮ್ ಅನ್ನು ಲ್ಯಾನ್ ಸಾಕೆಟ್‌ಗೆ ಬದಲಿಸಿದ ಕೂಡಲೇ ಟೈಮ್‌ಔಟ್ ಬಂದರೆ ಬೇರೆಲ್ಲೂ ಹುಡುಕಬೇಡಿ, ಟರ್ಮಿನೇಟರ್, ಅಂದರೆ ಸಂದೇಶ ಮುಗಿಯಿತು ಅನ್ನುವ ಗುರುತು ನೋಡಿ. ಜಿಪಿಐಬಿಯಲ್ಲಿ ಸಂದೇಶ ಮುಗಿಯಿತು ಅಂತ ಹೇಳಲು ಬೇರೆಯೇ ಒಂದು ತಂತಿ ಇದೆ, ಯುಎಸ್‌ಬಿಯಲ್ಲಿ ಪ್ಯಾಕೆಟ್‌ನ ತಲೆಯಲ್ಲೇ ಆ ಗುರುತು ಹೋಗುತ್ತದೆ. ಹಾಗಾಗಿ ಕೊನೆಗೆ ಲೈನ್ ಫೀಡ್ (ಹೊಸ ಸಾಲಿಗೆ ಹೋಗು ಅನ್ನುವ ಬೈಟ್) ಹಾಕದಿದ್ದರೂ ನಡೆಯುತ್ತದೆ. ನೇರ ಸಾಕೆಟ್‌ನಲ್ಲಿ ಅಂಥದ್ದೇನೂ ಇಲ್ಲ, ಅಲ್ಲಿ ಲೈನ್ ಫೀಡ್ ಬಂದರೆ ಮಾತ್ರ ಸಂದೇಶ ಪೂರ್ತಿ. ಅದು ಇಲ್ಲದಿದ್ದರೆ ಉಪಕರಣ ನಿಮ್ಮ ಉಳಿದ ಮಾತಿಗೆ ಕಾಯುತ್ತದೆ, ನೀವು ಅದರ ಉತ್ತರಕ್ಕೆ ಕಾಯುತ್ತೀರಿ.

ಇದನ್ನು ಗುರುತಿಸುವುದು ಸುಲಭ. ಎರರ್ ಪಟ್ಟಿ ಖಾಲಿ ಇರುತ್ತದೆ, ಏಕೆಂದರೆ ಉಪಕರಣದ ದೃಷ್ಟಿಯಲ್ಲಿ ಇನ್ನೂ ತಪ್ಪೇ ಆಗಿಲ್ಲ. ಎರಡನೇ ಸಲ ಸರಿಯಾಗಿ ಲೈನ್ ಫೀಡ್ ಹಾಕಿ ಕಳಿಸಿದರೆ ಇನ್ನೂ ಮಜಾ: ಹಿಂದೆ ಅರ್ಧ ಉಳಿದದ್ದಕ್ಕೆ ಇದು ಅಂಟಿಕೊಂಡು *ಐಡಿಎನ್?*ಐಡಿಎನ್? ಎಂಬ ಒಂದೇ ಸಾಲಾಗಿ ಹೋಗುತ್ತದೆ, ಈಗ ಕಮಾಂಡ್ ಎರರ್ ಬರುತ್ತದೆ. ಸರಿಯಾಗಿ ಬರೆದ ಸಾಲಿಗೇ ಎರರ್ ಬಂತಲ್ಲ ಅಂತ ತಲೆ ಕೆರೆದುಕೊಳ್ಳುವುದು ಇಲ್ಲೇ.

ಓದುವ ಕಡೆಯೂ ಇದೇ ಕಥೆ. ಸಾಕೆಟ್‌ನಿಂದ ಒಮ್ಮೆ ಓದಿದರೆ ಪೂರ್ತಿ ಉತ್ತರ ಬರುತ್ತದೆ ಅನ್ನುವ ಭರವಸೆ ಇಲ್ಲ, ತುಂಡಾಗಿ ಬರಬಹುದು, ಲೈನ್ ಫೀಡ್ ಸಿಗುವ ತನಕ ಓದುತ್ತಲೇ ಇರಬೇಕು. ಉತ್ತರದ ಬಾಲದಲ್ಲಿ ಕ್ಯಾರೇಜ್ ರಿಟರ್ನ್ ಎಂಬ ಕಣ್ಣಿಗೆ ಕಾಣದ ಬೈಟ್ ಉಳಿದಿದ್ದರೆ ಪರದೆಯಲ್ಲಿ 1 ಅಂತಲೇ ಕಾಣುತ್ತದೆ, ಆದರೆ ನಿಮ್ಮ ಹೋಲಿಕೆಯಲ್ಲಿ ಅದು 1 ಅಲ್ಲ.

ಎರರ್ ಪಟ್ಟಿ ಓದುವುದು

ಸಿಸ್ಟ್:ಎರ್? ಕಳಿಸಿ. ಒಂದು ಸಲ ಕೇಳಿದರೆ ಒಂದೇ ಎರರ್ ಬರುತ್ತದೆ, ಮೊದಲು ಆದದ್ದು ಮೊದಲು. 0, ನೋ ಎರರ್ ಅಂತ ಬರುವ ತನಕ ಕೇಳುತ್ತಲೇ ಇರಿ. ಪಟ್ಟಿ ತುಂಬಿದರೆ ಕೊನೆಯ ಜಾಗದಲ್ಲಿ -350 ಕೂರುತ್ತದೆ, ಅಂದರೆ ಅದರ ಆಮೇಲಿನವು ಕಳೆದುಹೋಗಿವೆ. ನಿನ್ನೆಯ ಎರರ್ ಇವತ್ತಿನದು ಅಂತ ತಪ್ಪು ತಿಳಿಯದಿರಲು ಶುರುವಿನಲ್ಲಿ *ಸಿಎಲ್‌ಎಸ್ ಕಳಿಸಿ. *ಆರ್‌ಎಸ್‌ಟಿ ಸಾಕು ಅಂದುಕೊಳ್ಳುವವರು ಬಹಳ, ಆದರೆ ಅದು ಸೆಟ್ಟಿಂಗ್‌ಗಳನ್ನು ಮಾತ್ರ ಮೊದಲಿನ ಸ್ಥಿತಿಗೆ ತರುತ್ತದೆ, ಎರರ್ ಪಟ್ಟಿಯನ್ನು ಮುಟ್ಟುವುದಿಲ್ಲ.

ಋಣ ಸಂಖ್ಯೆಗಳು ಎಲ್ಲ ಉಪಕರಣಕ್ಕೂ ಒಂದೇ, ಧನ ಸಂಖ್ಯೆ ಬಂದರೆ ಅದು ಆ ತಯಾರಕರದ್ದು, ಕೈಪಿಡಿಯಲ್ಲೇ ನೋಡಬೇಕು. -100ರ ಸಾಲಿನವು ಬರೆದದ್ದೇ ತಪ್ಪು ಅನ್ನುತ್ತವೆ: -113 ಅಂದರೆ ಇಂಥ ಪದ ಗೊತ್ತಿಲ್ಲ, -109 ಅಂದರೆ ಬೇಕಾದ ಬೆಲೆ (ಕಮಾಂಡ್ ಜೊತೆ ಕೊಡುವ ಸಂಖ್ಯೆ ಅಥವಾ ಆಯ್ಕೆ) ಕೊಟ್ಟಿಲ್ಲ, -108 ಅಂದರೆ ಬೇಡದ್ದನ್ನು ಕೊಟ್ಟಿದ್ದೀರಿ. -200ರ ಸಾಲಿನವು ಬರೆದದ್ದು ಅರ್ಥವಾಯಿತು, ಮಾಡಲು ಆಗುವುದಿಲ್ಲ ಅನ್ನುತ್ತವೆ: -222 ಬೆಲೆ ಮಿತಿ ಮೀರಿದೆ, -221 ಈಗಿರುವ ಬೇರೆ ಸೆಟ್ಟಿಂಗ್ ಜೊತೆ ಹೊಂದುವುದಿಲ್ಲ. -400ರವು ಕೇಳುವ, ಓದುವ ಸರದಿ ತಪ್ಪಿದ್ದಕ್ಕೆ: -410 ಅಂದರೆ ಉತ್ತರ ಓದಿ ಮುಗಿಸುವ ಮುಂಚೆ ಇನ್ನೊಂದು ಕಮಾಂಡ್ ಕಳಿಸಿದಿರಿ, -420 ಅಂದರೆ ಹೇಳಲು ಏನೂ ಇಲ್ಲದಾಗ ಓದಲು ಬಂದಿರಿ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಯುಎಸ್‌ಬಿ ಮೀಟರ್‌ಗೆ ಮೆಷ್:ವೋಲ್ಟ್:ಡಿಸಿ? ಬದಲು ವೋಲ್ಟ್ ಪದದಲ್ಲಿ ಒಂದು ಅಕ್ಷರ ಹೆಚ್ಚು ಹಾಕಿ ಕಳಿಸಿ, ಉತ್ತರ ಓದಲು ಹೋದಿರಿ. ಟೈಮ್‌ಔಟ್. ಈಗ ಪಟ್ಟಿ ಓದಿದರೆ ಮೊದಲು -113, ಆಮೇಲೆ -420. ಅಂದರೆ ಪದ ಗೊತ್ತಾಗಲಿಲ್ಲ, ಹಾಗಾಗಿ ಉತ್ತರ ತಯಾರಾಗಲಿಲ್ಲ, ಅಷ್ಟರಲ್ಲಿ ನೀವು ಓದಲು ಬಂದಿರಿ. ಯಾವ ಬಗೆಯ ಘಟನೆಗಳು ಆಗಿವೆ ಅಂತ ಒಂದೇ ಮೊತ್ತದಲ್ಲಿ ಹೇಳುವ *ಇಎಸ್‌ಆರ್? ಕೇಳಿದರೆ 36 ಬರುತ್ತದೆ: ಕಮಾಂಡ್ ಎರರ್‌ಗೆ 32, ಕ್ವೆರಿ ಎರರ್‌ಗೆ 4. ಪಟ್ಟಿಯ ಕೊನೆಯ ಸಾಲು ಮಾತ್ರ ನೋಡಿ -420ರ ಹಿಂದೆ ಬಿದ್ದವರು ಕೇಬಲ್ ಬದಲಿಸುತ್ತಾ ಕೂರುತ್ತಾರೆ. ಕಾರಣ ಮೊದಲ ಸಾಲಿನಲ್ಲೇ ಇದೆ. ಅದೇ ನೇರ ಸಾಕೆಟ್‌ನಲ್ಲಿ ಆಗಿದ್ದರೆ ಬರೀ -113 ಸಿಗುತ್ತಿತ್ತು, ನೀವು ಓದಲು ಬಂದದ್ದು ಅಲ್ಲಿ ಉಪಕರಣಕ್ಕೆ ಗೊತ್ತೇ ಆಗುವುದಿಲ್ಲ.

*ಇಎಸ್‌ಆರ್?ನಲ್ಲಿ 128 ಕಂಡರೆ ಪವರ್ ಈಗ ತಾನೇ ಬಂದಿದೆ ಅಂತ ಅರ್ಥ. ಶುರುವಿನಲ್ಲಿ ಸರಿ. ರಾತ್ರಿಯಿಡೀ ಓಡಿದ ಟೆಸ್ಟ್‌ನ ನಡುವೆ ಕಂಡರೆ ಉಪಕರಣ ಆಫ್ ಆಗಿ ಆನ್ ಆಗಿದೆ, ನೀವು ಹಾಕಿದ್ದ ಸೆಟ್ಟಿಂಗ್ ಹೋಗಿರುವ ಸಾಧ್ಯತೆಯೇ ಜಾಸ್ತಿ.

ಪದದ ತಪ್ಪುಗಳು

-113 ಬಂತು ಅಂದರೆ ಮೂರು ಜಾಗ ನೋಡಿ. ಒಂದು, ಪದದ ಉದ್ದ. ಪೂರ್ತಿ ಬರೆಯಿರಿ, ಇಲ್ಲವೇ ಗಿಡ್ಡ ರೂಪ ಬರೆಯಿರಿ, ನಡುವೆ ಎಲ್ಲೋ ನಿಲ್ಲಿಸುವ ಹಾಗಿಲ್ಲ. ಗಿಡ್ಡ ರೂಪ ಅಂದರೆ ಇಂಗ್ಲಿಷ್ ಕಾಗುಣಿತದ ಮೊದಲ ನಾಲ್ಕು ಅಕ್ಷರ, ನಾಲ್ಕನೆಯದು ಸ್ವರವಾದರೆ ಮೂರೇ. ಕೈಪಿಡಿಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗಿರುವುದು ಅದೇ. ಎರಡು, ಪ್ರಶ್ನಾರ್ಥಕ ಚಿಹ್ನೆ ಪದಕ್ಕೆ ಅಂಟಿರಬೇಕು, ಅದರ ಮುಂದೆ ಬೆಲೆ ಇದ್ದರೆ ನಡುವೆ ಖಾಲಿ ಜಾಗ ಬಿಡಬೇಕು.

ಮೂರನೆಯದು ಕೋಲನ್, ಇದರಲ್ಲಿ ಅನುಭವಿಗಳೂ ಬೀಳುತ್ತಾರೆ. ಪವರ್ ಸಪ್ಲೈಗೆ ಸೋರ್ಸ್:ವೋಲ್ಟ್ 5;ಔಟ್‌ಪ್ ಆನ್ ಅಂತ ಒಂದೇ ಸಾಲಿನಲ್ಲಿ ಕಳಿಸಿದರೆ ಮೊದಲರ್ಧ ನಡೆಯುತ್ತದೆ, ಎರಡನೆಯದಕ್ಕೆ -113. ಕಮಾಂಡ್‌ಗಳು ಮರದ ಹಾಗೆ ಜೋಡಿಸಿವೆ, ಕೋಲನ್ ಅಂದರೆ ಒಂದು ಕೊಂಬೆ ಹತ್ತಿದ ಹಾಗೆ. ಸೆಮಿಕೋಲನ್ ಆದ ಮೇಲೂ ಉಪಕರಣ ಸೋರ್ಸ್ ಕೊಂಬೆಯ ಮೇಲೇ ಇರುತ್ತದೆ, ಸೋರ್ಸ್:ಔಟ್‌ಪ್ ಎಂಬುದನ್ನು ಹುಡುಕಿ ಸಿಗಲಿಲ್ಲ ಅನ್ನುತ್ತದೆ. ;:ಔಟ್‌ಪ್ ಆನ್ ಅಂತ ಕೋಲನ್ ಹಾಕಿದರೆ ಬುಡದಿಂದ ಹುಡುಕುತ್ತದೆ. ತಮಾಷೆ ಅಂದರೆ ವೋಲ್ಟ್ 5;ಔಟ್‌ಪ್ ಆನ್ ಅಂತ ಸೋರ್ಸ್ ಬಿಟ್ಟು ಬರೆದರೆ ಕೋಲನ್ ಇಲ್ಲದೆಯೂ ನಡೆಯುತ್ತದೆ, ಆಗ ಕೊಂಬೆ ಹತ್ತಿಯೇ ಇಲ್ಲವಲ್ಲ. ಹಾಗಾಗಿ ಯಾರೋ ಪೂರ್ತಿ ಹೆಸರು ಹಾಕಿ ಕೋಡ್ ಅಚ್ಚುಕಟ್ಟು ಮಾಡಲು ಹೋದಾಗ ಅದು ಕೆಡುತ್ತದೆ. ದೋಷ ಹುಡುಕುವಾಗ ಒಂದು ಸಾಲಿಗೆ ಒಂದೇ ಕಮಾಂಡ್ ಇಡಿ, ಪ್ರತಿಯೊಂದು ಆದ ಮೇಲೂ ಸಿಸ್ಟ್:ಎರ್? ಕೇಳಿ. ನಿಧಾನ ಆಗುತ್ತದೆ, ಆಗಲಿ.

ಎರರ್ ಕೊಡದೆ ಮೋಸ ಮಾಡುವುದೂ ಇದೆ. ಎಂ ಅಕ್ಷರ ವೋಲ್ಟ್ ಮುಂದೆ ಬಂದರೆ ಮಿಲಿ, ಹರ್ಟ್ಜ್ ಮತ್ತು ಓಮ್ ಮುಂದೆ ಬಂದರೆ ಮೆಗಾ. ದೊಡ್ಡಕ್ಷರ, ಚಿಕ್ಕಕ್ಷರ ಅಂತ ಭೇದವಿಲ್ಲ, ಮಿಲಿಹರ್ಟ್ಜ್ ಬೇಕು ಅಂತ ಚಿಕ್ಕ ಎಂ ಹಾಕಿದರೂ ಮೆಗಾಹರ್ಟ್ಜ್ ಸಿಗುತ್ತದೆ. ನನ್ನ ಮಾತು ಕೇಳಿದರೆ ಅಳತೆಯ ಏಕಮಾನವನ್ನೇ ಕಳಿಸಬೇಡಿ, 10ಇ6 ಅಂತ ಬರೀ ಸಂಖ್ಯೆ ಕಳಿಸಿ. ದಶಮಾಂಶಕ್ಕೆ ಅಲ್ಪವಿರಾಮ ಹಾಕುವ ಭಾಷೆಗೆ ಸೆಟ್ ಆದ ಕಂಪ್ಯೂಟರ್‌ನಲ್ಲಿ 5.0 ಅನ್ನುವುದು 5,0 ಆಗಿ ಹೋಗುತ್ತದೆ. ಉಪಕರಣಕ್ಕೆ ಅದು ಎರಡು ಬೆಲೆ, ಬರುವುದು -108. ಒಬ್ಬರ ಮೇಜಿನಲ್ಲಿ ಓಡುವ ಕೋಡ್ ಇನ್ನೊಬ್ಬರಲ್ಲಿ ಓಡದಿದ್ದರೆ ಇದನ್ನೂ ನೋಡಿ.

ಉತ್ತರ ಬರುತ್ತದೆ, ಆದರೆ ಹಿಂದಿನ ಪ್ರಶ್ನೆಯದ್ದು

ಎಲ್ಲಕ್ಕಿಂತ ಕೆಟ್ಟ ದೋಷ ಇದು, ಏಕೆಂದರೆ ಪ್ರೋಗ್ರಾಮ್ ನಿಲ್ಲುವುದೇ ಇಲ್ಲ. ಮೀಟರ್ ಅನ್ನು 100 ಪವರ್ ಲೈನ್ ಸೈಕಲ್‌ಗೆ ಇಟ್ಟಿದ್ದೀರಿ ಅನ್ನಿ, ಅಂದರೆ ಮೇನ್ಸ್ ವಿದ್ಯುತ್ತಿನ ನೂರು ಆವರ್ತದಷ್ಟು ಹೊತ್ತು ಒಂದೊಂದು ಅಳತೆ. 50 ಹರ್ಟ್ಜ್‌ನಲ್ಲಿ ಒಂದು ಸೈಕಲ್ 20 ಮಿಲಿಸೆಕೆಂಡ್, ನೂರಕ್ಕೆ 2 ಸೆಕೆಂಡ್, ಆಟೋ ಝೀರೋ (ಪ್ರತಿ ಅಳತೆಯ ಜೊತೆ ತನ್ನ ಶೂನ್ಯವನ್ನೂ ಅಳೆಯುವುದು) ಆನ್ ಇದ್ದರೆ ಅದರ ಎರಡರಷ್ಟು. ವೀಸಾದ ಮಾಮೂಲಿ ಟೈಮ್‌ಔಟ್ 2000 ಮಿಲಿಸೆಕೆಂಡ್. ಟೈಮ್‌ಔಟ್ ಬಂತು, ನಿಮ್ಮ ಕೋಡ್ ಅದನ್ನು ಹಿಡಿದು ಪರವಾಗಿಲ್ಲ ಅಂತ ಮುಂದಿನ ಪ್ರಶ್ನೆ ಕೇಳಿತು. ಅಷ್ಟರಲ್ಲಿ ಹಳೆಯ ಉತ್ತರ ಸಾಕೆಟ್‌ಗೆ ಬಂದು ಕೂತಿದೆ, ಹೊಸ ಪ್ರಶ್ನೆಗೆ ಅದೇ ಸಿಗುತ್ತದೆ. ಒಂದು ಗುಂಡಿ ತಪ್ಪಿ ಹಾಕಿದ ಅಂಗಿಯ ಹಾಗೆ ಅಲ್ಲಿಂದ ಮುಂದೆ ಎಲ್ಲ ಉತ್ತರವೂ ಒಂದು ಸ್ಥಾನ ಹಿಂದೆ. ವೋಲ್ಟೇಜ್ ಕಾಲಂನಲ್ಲಿ ಕರೆಂಟ್, ಕರೆಂಟ್ ಕಾಲಂನಲ್ಲಿ ಹಿಂದಿನ ವೋಲ್ಟೇಜ್. ಸಂಖ್ಯೆಗಳು ಹತ್ತಿರ ಹತ್ತಿರ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅನುಮಾನ ಬಂದರೆ ನಡುವೆ ಒಂದು *ಐಡಿಎನ್? ಕೇಳಿ. ಹೆಸರಿನ ಬದಲು ಸಂಖ್ಯೆ ಬಂತಾ, ಸರದಿ ತಪ್ಪಿದೆ. ಜಿಪಿಐಬಿ, ಯುಎಸ್‌ಬಿ, ವಿಎಕ್ಸ್‌ಐ-11, ಹೈಸ್ಲಿಪ್‌ನಲ್ಲಿ ಡಿವೈಸ್ ಕ್ಲಿಯರ್ ಎಂಬುದಿದೆ, ಕೊಟ್ಟರೆ ಎರಡೂ ಕಡೆಯ ಬಫರ್ ಖಾಲಿ. ನೇರ ಸಾಕೆಟ್‌ಗೆ ಆ ಸೌಲಭ್ಯ ಇಲ್ಲ, ಮುಚ್ಚಿ ಮತ್ತೆ ತೆರೆಯಿರಿ. ಟೈಮ್‌ಔಟ್ ಆದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಯುವ ಕೋಡ್ ಮಾತ್ರ ಬರೆಯಬೇಡಿ. ಹೌದು, ಟೈಮ್‌ಔಟ್ ಏರಿಸಬೇಕಾದ ಜಾಗವೂ ಇದೇ, ಲೆಕ್ಕ ಹಾಕಿ ಏರಿಸಿ.

ಸೆಟ್ಟಿಂಗ್ ಬದಲಿಸಿ ತಕ್ಷಣ ಓದಿದಾಗ ಹಳೆಯ ಬೆಲೆ ಬಂದರೆ *ಓಪಿಸಿ? ಕಳಿಸಿ, ಕೆಲಸ ಮುಗಿದ ಮೇಲೆ 1 ಬರುತ್ತದೆ. ಕಣ್ಣಂದಾಜಿನಲ್ಲಿ ಅರ್ಧ ಸೆಕೆಂಡ್ ನಿದ್ದೆ ಹಾಕುವುದಕ್ಕಿಂತ ಇದು ವಾಸಿ. ಆದರೆ ಇನಿಟ್ (ಅಳತೆಗೆ ಸಿದ್ಧವಾಗಿ ಟ್ರಿಗರ್‌ಗೆ ಕಾಯಿ ಅನ್ನುವ ಕಮಾಂಡ್) ಕೊಟ್ಟು, ಹೊರಗಿನ ಟ್ರಿಗರ್, ಅಂದರೆ ಅಳತೆ ಶುರು ಮಾಡುವ ಸಿಗ್ನಲ್ ಬಾರದೆ ಇದ್ದರೆ ಆ 1 ಬರುವುದೇ ಇಲ್ಲ. ಅದಕ್ಕೂ ಟೈಮ್‌ಔಟ್ ಅಂತಲೇ ಹೆಸರು, ಕಾರಣ ಮಾತ್ರ ಟ್ರಿಗರ್ ಕೇಬಲ್. -214 ಬಂದರೆ ಟ್ರಿಗರ್ ಅನ್ನು ನೀವೇ ಕಮಾಂಡ್‌ನಲ್ಲಿ ಕಳಿಸಬೇಕಿತ್ತು, ಅದನ್ನು ಕಳಿಸದೆ ಫಲಿತಾಂಶ ಕೇಳಿದ್ದೀರಿ.

ತರಂಗದ ಡೇಟಾ

ಆಸಿಲೋಸ್ಕೋಪ್‌ನಿಂದ ತರಂಗ ತರಿಸುವಾಗ ಕೆಲವೊಮ್ಮೆ ಪೂರ್ತಿ, ಕೆಲವೊಮ್ಮೆ ಅರ್ಧ ಬರುತ್ತದೆ, ಸಿಗ್ನಲ್ ಬದಲಿಸಿದರೆ ದೋಷ ಮಾಯ. ಬೈನರಿ ಡೇಟಾದಲ್ಲಿ 10 ಎಂಬ ಬೆಲೆಯ ಬೈಟ್ ಬಂದರೆ ಅದೇ ಲೈನ್ ಫೀಡ್. ನಿಮ್ಮ ಕೋಡ್ ಅಲ್ಲೇ ಮುಗಿಯಿತು ಅಂದುಕೊಳ್ಳುತ್ತದೆ. ಬ್ಲಾಕ್‌ನ ತಲೆ ಓದಿ: #42000 ಅಂದರೆ ಮುಂದಿನ 4 ಅಂಕಿಗಳು ಉದ್ದ ಹೇಳುತ್ತವೆ, ಆ ಉದ್ದ 2000 ಬೈಟ್. ಎಣಿಸಿ ಅಷ್ಟನ್ನೂ ಓದಿ, ಟರ್ಮಿನೇಟರ್ ನೋಡುವುದನ್ನು ಆ ಹೊತ್ತಿಗೆ ಆಫ್ ಮಾಡಿ. ಕೊನೆಗೆ ಉಳಿಯುವ ಒಂದು ಲೈನ್ ಫೀಡ್ ಅನ್ನೂ ಓದಿ ಬಿಸಾಡಿ, ಇಲ್ಲದಿದ್ದರೆ ಮುಂದಿನ ಪ್ರಶ್ನೆಗೆ ಖಾಲಿ ಉತ್ತರ. ತರಂಗ ಪೂರ್ತಿ ಬಂದು, ಮುಳ್ಳು ಮುಳ್ಳಾಗಿ ಕಂಡರೆ ಬೈಟ್ ಕ್ರಮ ತಿರುಗಿದೆ, ಫಾರ್ಮ್:ಬೋರ್ಡ್ ಇದ್ದರೆ ಅದನ್ನು ಬದಲಿಸಿ ನೋಡಿ.

ಅಂದಹಾಗೆ 9.9ಇ37 ಎಂಬ ಉತ್ತರ ಬಂದರೆ ಕಮ್ಯುನಿಕೇಷನ್ ಕೆಟ್ಟಿಲ್ಲ. ಅನಂತ ಅಂತ ಹೇಳುವ ಎಸ್‌ಸಿಪಿಐ ರೀತಿ ಅದು, ರೇಂಜ್ ಮೀರಿದೆ. 9.91ಇ37 ಅಂದರೆ ಹೇಳಲು ಸಂಖ್ಯೆಯೇ ಇಲ್ಲ ಅಂತ. ಇವನ್ನು ಸರಾಸರಿಗೆ ಸೇರಿಸಿದರೆ ವರದಿ ಏನಾಗುತ್ತದೆ ಅಂತ ಹೇಳಬೇಕಾ?

ಇಷ್ಟೆಲ್ಲ ನೋಡಿಯೂ ಸಿಗಲಿಲ್ಲ ಅಂದರೆ ಹೋಗುವ, ಬರುವ ಪ್ರತಿ ಬೈಟನ್ನೂ ಹೆಕ್ಸ್‌ನಲ್ಲಿ ಲಾಗ್ ಮಾಡಿ, ಸಮಯದ ಜೊತೆ. ಅಕ್ಷರಗಳಾಗಿ ಬೇಡ, ಹೆಕ್ಸ್‌ನಲ್ಲೇ. *ಐಡಿಎನ್? ಹೋಗುವಾಗ 2ಎ 49 44 4ಇ 3ಎಫ್ 0ಎ ಅಂತ ಆರು ಬೈಟ್ ಕಾಣಬೇಕು. 0ಎ ಇಲ್ಲದಿದ್ದರೆ ಟರ್ಮಿನೇಟರ್ ಇಲ್ಲ. ಅದಕ್ಕೆ ಮುಂಚೆ 0ಡಿ ಇದ್ದರೆ ಲೈಬ್ರರಿ ತಾನಾಗಿ ಕ್ಯಾರೇಜ್ ರಿಟರ್ನ್ ಸೇರಿಸುತ್ತಿದೆ, ಪೈಥಾನ್‌ನಲ್ಲಿ ವೀಸಾ ಬಳಸಲು ಇರುವ ಪೈವೀಸಾ ಬರೆಯುವಾಗ ಡಿಫಾಲ್ಟ್ ಆಗಿ ಹಾಗೇ ಮಾಡುತ್ತದೆ, ಬಹಳಷ್ಟು ಉಪಕರಣ ಅದನ್ನು ಸಹಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಶುರುವಿನಲ್ಲಿ ಇಎಫ್ ಬಿಬಿ ಬಿಎಫ್ ಕಂಡರೆ ಕಮಾಂಡ್‌ಗಳನ್ನು ಇಟ್ಟಿರುವ ಟೆಕ್ಸ್ಟ್ ಫೈಲ್ ಅನ್ನು ಎಡಿಟರ್ ಯುಟಿಎಫ್-8 ಗುರುತು ಹಾಕಿ ಉಳಿಸಿದೆ. ಆ ಫೈಲ್‌ನ ಮೊದಲ ಕಮಾಂಡ್ ಮಾತ್ರ ಪ್ರತಿ ಸಲವೂ ಎರರ್ ಕೊಡುತ್ತಿದ್ದುದು ಅದಕ್ಕೇ.